ಮಲಾವಿಯ ಹಳ್ಳಿಗರಿಗೆ: ಜಗಲಿಯ ಬ್ಯಾಂಕೋ, ಕಿರುಸಾಲದ ಬ್ಯಾಂಕೋ?

ಆಫ್ರಿಕಾದ ಮಲಾವಿ ದೇಶದ ರೈತ ಮಹಿಳೆಗೆ ಉಳಿತಾಯಕ್ಕೂ ಸಾಲಕ್ಕೂ ಇರುವ ದಾರಿಗಳಲ್ಲಿ ಎರಡನ್ನು ಇಲ್ಲಿ ಹೋಲಿಸೋಣ. ಒಂದು, ಚಿಚೇವ ಭಾಷೆಯಲ್ಲಿ ‘ಬಂಕಿ ಮ್ಖೊಂಡೆ’, ಅಂದರೆ ಜಗಲಿಯ ಬ್ಯಾಂಕು ಎನಿಸಿಕೊಂಡ ಊರಿನ ಉಳಿತಾಯ ಗುಂಪು. ಇನ್ನೊಂದು ಕಿರುಸಾಲದ ಬ್ಯಾಂಕು. ಉದಾಹರಣೆಗೆ, 2003ರಲ್ಲಿ ಆರಂಭವಾಗಿ ಮುಂದೆ ಒಡೆತನ ಬದಲಾದ ಆಪರ್ಚುನಿಟಿ ಬ್ಯಾಂಕು ಓದುಬರಹ ಬಾರದವರಿಗೂ ಬೆರಳಚ್ಚಿನ ಗುರುತಿನ ಮೇಲೆ ಖಾತೆ ತೆರೆದು, ವ್ಯಾನುಗಳಲ್ಲಿ ಹಳ್ಳಿಯ ಸಂತೆಗಳಿಗೇ ಹೋಗುತ್ತಿತ್ತು.

ಜಗಲಿಯ ಗುಂಪಿನಲ್ಲಿ ಸಾಮಾನ್ಯವಾಗಿ 15ರಿಂದ 30 ಮಂದಿ ಇರುತ್ತಾರೆ. ಹಣದ ಪೆಟ್ಟಿಗೆಗೆ ಮೂರು ಬೀಗ. ಕೀಲಿಗಳು ಮೂವರ ಕೈಯಲ್ಲಿ. ಆ ಪೆಟ್ಟಿಗೆಯಿಂದ ಪಡೆದ ಸಾಲಕ್ಕೆ ಸದಸ್ಯರು ಕಟ್ಟುವ ಬಡ್ಡಿ ವರ್ಷದ ಕೊನೆಯಲ್ಲಿ ಅವರಿಗೇ ಹಂಚಿಕೆಯಾಗುವುದರಿಂದ ದರ ಹೆಚ್ಚಿದ್ದರೂ ಹೊರೆ ಅಷ್ಟಾಗಿ ಕಾಣುವುದಿಲ್ಲ, ಮತ್ತು ಆ ಹಂಚಿಕೆಯನ್ನು ಮೆಕ್ಕೆಜೋಳದ ಬಿತ್ತನೆಯ ಹೊತ್ತಿಗೆ ಇಟ್ಟುಕೊಂಡರೆ ಗೊಬ್ಬರದ ಖರ್ಚು ನೀಗುತ್ತದೆ. ಆದರೆ ಬರ ಬಂದ ವರ್ಷ ಎಲ್ಲರಿಗೂ ಏಕಕಾಲಕ್ಕೆ ಸಾಲ ಬೇಕಾಗುತ್ತದೆ, ಪೆಟ್ಟಿಗೆಯೋ ಒಂದೇ.

ಬ್ಯಾಂಕಿನ ಬಲ ಇರುವುದು ಇಲ್ಲಿಯೇ: ಅದರ ಹಣ ಒಂದೇ ಊರಿನ ಮಳೆಯನ್ನು ನಂಬಿಲ್ಲ, ಸಾಲದ ಮೊತ್ತವೂ ದೊಡ್ಡದಿರಬಹುದು. ಆದರೆ ಕಂತಿನ ದಿನಾಂಕ ಏಪ್ರಿಲ್‌-ಮೇ ತಿಂಗಳ ಕೊಯ್ಲಿಗೆ ಹೊಂದದಿದ್ದರೆ, ಜನವರಿಯಿಂದ ಮಾರ್ಚ್‌ವರೆಗಿನ ಹಸಿವಿನ ತಿಂಗಳುಗಳಲ್ಲಿ ಆ ಸಾಲವೇ ಕುತ್ತಾಗುತ್ತದೆ.

2023ರ ನವೆಂಬರ್‌ನಲ್ಲಿ ಮಲಾವಿಯ ಹಣವಾದ ಕ್ವಾಚಾದ ಅಪಮೌಲ್ಯವಾದಾಗ ಎರಡೂ ಕಡೆಯ ನಗದು ಉಳಿತಾಯದ ಕೊಳ್ಳುವ ಶಕ್ತಿ ಕುಗ್ಗಿತು. ಆ ವಿಷಯದಲ್ಲಿ ಎರಡೂ ಒಂದೇ; ಉಳಿದದ್ದನ್ನು ತೂಗಿದರೆ ಸಣ್ಣ, ತುರ್ತು ಅಗತ್ಯಕ್ಕೆ ಜಗಲಿಯೇ ಮೇಲೆಂದು ನನ್ನ ಎಣಿಕೆ. ಹೊಲಿಗೆ ಯಂತ್ರವನ್ನೋ ಹಿಟ್ಟಿನ ಗಿರಣಿಯನ್ನೋ ಕೊಳ್ಳುವವರು ಮಾತ್ರ, ಕಂತಿನ ದಿನಾಂಕಗಳನ್ನು ಮೊದಲೇ ಕೇಳಿಕೊಂಡು, ಬ್ಯಾಂಕಿಗೆ ಹೋಗುವುದು ಒಳಿತು.