ಹಿರಿಯರ ಜಿಪಿಎಸ್ ವಾಚ್: ತಗೊಳ್ಳಬಹುದು, ಆದರೆ ಕೈಗೆ ಕಟ್ಟುವ ಪಟ್ಟಿ ನೋಡಿ

ಮರೆವಿನ ಕಾಯಿಲೆ ಇರುವ ನಮ್ಮ ಮಾವನವರಿಗೆ ಅಂತ ಸಿಮ್ ಹಾಕುವ ಜಿಪಿಎಸ್ ವಾಚ್ ತಂದೆವು. ಬಯಲಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಮನೆಯೊಳಗೆ, ಮಾರ್ಕೆಟ್ ಸಂದಿಯಲ್ಲಿ ಮಾತ್ರ ಉಪಗ್ರಹದ ಸಿಗ್ನಲ್ ಸರಿಯಾಗಿ ಸಿಗದೆ ಮೊಬೈಲ್ ಟವರ್ ನಂಬಿಕೊಳ್ಳುತ್ತದೆ, ಆಗ ಮ್ಯಾಪ್‌ನಲ್ಲಿ ಅವರು ಪಕ್ಕದ ಬಡಾವಣೆಯಲ್ಲಿ ಇರುತ್ತಾರೆ! ದಿನಾ ಚಾರ್ಜ್ ಮಾಡಬೇಕು. ನಾವು ಗುರುತು ಮಾಡಿಟ್ಟ ಗಡಿ ದಾಟಿದರೆ ಫೋನಿಗೆ ಅಲರ್ಟ್ ಬರುತ್ತದೆ, ಅದೊಂದಕ್ಕೇ ದುಡ್ಡು ಕೊಡಬಹುದು. ಪಟ್ಟಿ ಮಾತ್ರ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ.

ಒಂದು ಸಂಜೆ ಬಿಚ್ಚಿಟ್ಟು ಹೊರಟೇ ಹೋದರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಫೋಟೊ ಹಾಕಿದ್ದೇ ತಡ, ಹುಡುಕುವವರಿಗಿಂತ ಪತ್ತೇದಾರರೇ ಜಾಸ್ತಿಯಾದರು. ಆಸ್ತಿ ಜಗಳವಂತೆ, ಸೊಸೆ ಕಾಟವಂತೆ (ಆ ಸೊಸೆ ನಾನೇ), ಸುಮ್ನೆ ಬಾಯಿಗೆ ಬಂದಿದ್ದು. ದೇವಸ್ಥಾನದ ಹತ್ತಿರ ಹೂವು ಮಾರುವವರು ಮಾವನವರ ಜೇಬಿನಲ್ಲಿದ್ದ ನಮ್ಮ ನಂಬರಿನ ಚೀಟಿ ನೋಡಿ ನಮಗೆ ಫೋನ್ ಮಾಡಿದರು. ಸಿಕ್ಕಿದರು ಅಂತ ಹಾಕಿದ ಮೆಸೇಜ್ ಯಾರೂ ಫಾರ್ವರ್ಡ್ ಮಾಡಲಿಲ್ಲ, ಫೋಟೊ ಇನ್ನೂ ಸುತ್ತುತ್ತಿದೆ!

ಅಂದಹಾಗೆ, ಯಾರಾದರೂ ಕಾಣೆಯಾದರೆ ಪೊಲೀಸರಿಗೆ ದೂರು ಕೊಡಲು 24 ಗಂಟೆ ಕಾಯಬೇಕು ಅನ್ನೋದು ಸುಳ್ಳು. ಕೂಡಲೇ 112ಕ್ಕೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ 14567 ಕೂಡ ಇದೆ. ವಾಚ್ ಕೊಳ್ಳುವುದಾದರೆ ಸುಲಭಕ್ಕೆ ಬಿಚ್ಚಲು ಬರದ ಪಟ್ಟಿ ಇರುವುದನ್ನೇ ಕೇಳಿ, ಚೀಟಿಯನ್ನೂ ಜೇಬಿನಲ್ಲಿಡಿ.