ಸೂತ್ರವೋ, ಚಮಚವೋ, ಎಲ್‌ಇಡಿಯೋ?

ಒಂದು ವಸ್ತು ಅಯಾನಿಕವೋ (ವಿದ್ಯುದಾವೇಶ ಹೊತ್ತ ಕಣಗಳಾದ ಅಯಾನುಗಳಿಂದ ಆದದ್ದು) ಸಹವೇಲೆನ್ಸೀಯವೋ (ಪರಮಾಣುಗಳು ಎಲೆಕ್ಟ್ರಾನ್ ಹಂಚಿಕೊಂಡು ಆದದ್ದು) ಎಂದು ಪತ್ತೆಹಚ್ಚಲು ಎಸ್ಸೆಸ್ಸೆಲ್ಸಿ ಮಕ್ಕಳ ಜೊತೆ ಮೂರು ದಾರಿ ಹಿಡಿದು ನೋಡಿದೆ. ಪುಡಿಗಳೆಲ್ಲ ಅಡುಗೆಮನೆಯವು, ಗೊಬ್ಬರದ ಚೀಲದವು.

ಸೂತ್ರ ನೋಡಿ ಹೇಳುವುದು ಎಲ್ಲಕ್ಕಿಂತ ಬೇಗ. ಲೋಹಕ್ಕೆ ಅಲೋಹ ಸೇರಿದ್ದರೆ ಅಯಾನಿಕ, ಬರೀ ಅಲೋಹಗಳಾದರೆ ಸಹವೇಲೆನ್ಸೀಯ. ಉಪ್ಪು, ಸಕ್ಕರೆ, ಯೂರಿಯಾ, ಪೊಟ್ಯಾಷ್ (ಪೊಟ್ಯಾಸಿಯಂ ಕ್ಲೋರೈಡ್) ನಾಲ್ಕಕ್ಕೂ ಉತ್ತರ ಸರಿ. ಎಡವುವುದು ನವಸಾಗರದಲ್ಲಿ. ಕಲಾಯಿಯವರು ಬಳಸುವ ಈ ಅಮೋನಿಯಂ ಕ್ಲೋರೈಡಿನಲ್ಲಿ ಲೋಹದ ಸುಳಿವೇ ಇಲ್ಲ, ಆದರೂ ಅಯಾನಿಕ. ನಿರ್ಜಲ ಅಲ್ಯೂಮಿನಿಯಂ ಕ್ಲೋರೈಡಿನದು ಇದಕ್ಕೆ ತದ್ವಿರುದ್ಧ. ಹೆಸರಲ್ಲೇ ಲೋಹವಿದೆ, ಆದರೆ ಸುಮಾರು 180 ಡಿಗ್ರಿಗೇ ಆವಿಯಾಗುತ್ತದೆ. ಆ ಆವಿಯಲ್ಲಿರುವುದು ಎಲೆಕ್ಟ್ರಾನ್ ಹಂಚಿಕೊಂಡ ಅಣುಗಳು.

ಚಮಚದಲ್ಲಿ ಕಾಯಿಸುವುದು ಮಕ್ಕಳಿಗೆ ಬಲು ಇಷ್ಟ. ಸಹವೇಲೆನ್ಸೀಯವಾದರೆ ಬೇಗ ಕರಗುತ್ತದೆ, ಅಯಾನಿಕವಾದರೆ ಜಗ್ಗುವುದಿಲ್ಲ ಎಂಬುದು ಇಲ್ಲಿನ ಲೆಕ್ಕ. ಯೂರಿಯಾ 133 ಡಿಗ್ರಿಗೆ ಕರಗಿ ಅಮೋನಿಯಾ ವಾಸನೆ ಬಿಡುತ್ತದೆ, ಸಕ್ಕರೆ ಕರಗಿ ಕಂದುತ್ತದೆ. ಉಪ್ಪು ಚಟಪಟ ಎಂದು ಸಿಡಿದು ಸುಮ್ಮನಾಗುತ್ತದೆ. ಅದು ಕರಗಲು 801 ಡಿಗ್ರಿ ಬೇಕು. ನೋಡಲು ಚೆಂದ, ನಂಬಲು ಕಷ್ಟ. ಮರಳಿನ ಸಿಲಿಕಾ ಪೂರ್ತಿ ಸಹವೇಲೆನ್ಸೀಯ, ಕರಗುವುದು ಮಾತ್ರ 1700 ಡಿಗ್ರಿ ದಾಟಿದ ಮೇಲೆ. ನವಸಾಗರವಂತೂ ಕರಗುವ ಬದಲು ಬಿಳಿ ಹೊಗೆಯಾಗಿ ಹೋಗುತ್ತದೆ.

ನನ್ನ ಒಲವು ಎಲ್‌ಇಡಿ ಕಡೆ. 9 ವೋಲ್ಟ್ ಬ್ಯಾಟರಿ, ಒಂದು ರೆಸಿಸ್ಟರ್, ಎರಡು ಪೆನ್ಸಿಲ್ ಕಡ್ಡಿ ಸಾಕು. ಪುಡಿಯನ್ನು ನೀರಲ್ಲಿ ಕದಡಿ ಕಡ್ಡಿಗಳನ್ನು ಅದ್ದಿದರೆ, ಅಯಾನುಗಳಿದ್ದಲ್ಲಿ ಕರೆಂಟ್ ಹರಿದು ದೀಪ ಹತ್ತುತ್ತದೆ. ನೀರು ಮಾತ್ರ ಡಿಸ್ಟಿಲ್ಡ್ ಆಗಿರಬೇಕು. ಬೋರ್‌ವೆಲ್ ನೀರಲ್ಲಿ ಏನೂ ಹಾಕದೆಯೇ ದೀಪ ಹತ್ತುತ್ತದೆ, ಅದರಲ್ಲಿ ಅಷ್ಟು ಲವಣವಿದೆ. ಯೂರಿಯಾ, ಪೊಟ್ಯಾಷ್ ಎರಡೂ ನೀರಲ್ಲಿ ಸಲೀಸಾಗಿ ಕರಗುತ್ತವೆ, ಹಾಗಾಗಿ ಕರಗುವುದನ್ನಷ್ಟೇ ನೋಡಿ ಏನೂ ಹೇಳಲಾಗದು. ದೀಪ ಹತ್ತಿದ್ದು ಪೊಟ್ಯಾಷಿಗೆ ಮಾತ್ರ. ಸೂತ್ರ ಕೈಕೊಟ್ಟ ನವಸಾಗರಕ್ಕೂ ಝಗ್ಗನೆ ಹತ್ತಿತು. ಉಪ್ಪುನೀರಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕ್ಲೋರಿನ್ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ.

ಇದಕ್ಕೂ ಕಣ್ಣು ತಪ್ಪಿಸುವವು ಆಮ್ಲಗಳು. ಹೈಡ್ರೋಜನ್ ಕ್ಲೋರೈಡ್ ಸಹವೇಲೆನ್ಸೀಯ ಅನಿಲ, ಆದರೆ ನೀರಿಗೆ ಬಿದ್ದೊಡನೆ ಅಯಾನುಗಳಾಗಿ ಒಡೆಯುತ್ತದೆ. ವಿನೆಗರಿಗೂ ದೀಪ ಮಿಣುಕುತ್ತದೆ. ಅದಕ್ಕೇ ಲಿಟ್ಮಸ್ ಕಾಗದ ಪಕ್ಕದಲ್ಲಿರಲಿ: ದೀಪ ಹತ್ತಿ ನೀಲಿ ಕಾಗದ ಕೆಂಪಾದರೆ ತೀರ್ಪು ತಡೆಹಿಡಿಯಿರಿ.

ಪಿಯುಸಿಯವರ ಎಲೆಕ್ಟ್ರೋನೆಗೆಟಿವಿಟಿ (ಬಂಧದ ಎಲೆಕ್ಟ್ರಾನುಗಳನ್ನು ಪರಮಾಣು ತನ್ನತ್ತ ಸೆಳೆಯುವ ಬಲ) ಲೆಕ್ಕ, ಅಂದರೆ ಎರಡು ಪರಮಾಣುಗಳ ನಡುವೆ ಅದರ ವ್ಯತ್ಯಾಸ 1.7 ದಾಟಿದರೆ ಅಯಾನಿಕ ಎಂಬುದು, ಕಾಗದದ ಮೇಲೆ ಅಚ್ಚುಕಟ್ಟು. ಹೈಡ್ರೋಜನ್ ಫ್ಲೋರೈಡಿನಲ್ಲಿ ಆ ವ್ಯತ್ಯಾಸ 1.78, ಆದರೂ ಅದು 20 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವ ಸಹವೇಲೆನ್ಸೀಯ ವಸ್ತು. ಪರೀಕ್ಷೆಯ ಹಾಲಿನಲ್ಲಿ ಸೂತ್ರವನ್ನೇ ನೆಚ್ಚಿಕೊಳ್ಳಿ, ಅಮೋನಿಯಂ ಕಂಡಲ್ಲಿ ಮಾತ್ರ ಒಮ್ಮೆ ನಿಲ್ಲಿ.