ಘಾಟ್ಕೋಪರಿನ ಒಂದು ಫಾಸ್ಟ್ ಫುಡ್ ಅಂಗಡಿ: ಎಣ್ಣೆಗೆ ಪೂರ್ತಿ ಅಂಕ, ಚೀಸಿಗೆ ಇಲ್ಲ

ಹೋಟೆಲಿಗೆ ಹೋದರೆ ಎಲ್ಲರೂ ಬೋರ್ಡಿನಲ್ಲಿ ರೇಟು ನೋಡುತ್ತಾರೆ. ನಾನು ಬಾಣಲೆ ನೋಡುತ್ತೇನೆ. ಹಳೇ ಚಟ. ಮುಂಬೈಯಲ್ಲಿ ಹೋಟೆಲುಗಳಿಗೆ ಎಣ್ಣೆ ಡಬ್ಬ ಹಾಕಿಯೇ ಸಂಸಾರ ಸಾಗಿಸಿದವನು ನಾನು. ಸಯನ್‌ನಿಂದ ಮುಲುಂಡ್ ತನಕ ನನ್ನ ಲೈನು. ಒಂದು ಹೋಟೆಲಿಗೆ ವಾರಕ್ಕೆ 15 ಕೆಜಿಯ ಡಬ್ಬ ಎಷ್ಟು ಹೋಗುತ್ತದೆ ಅಂತ ಗೊತ್ತಿದ್ದರೆ ಸಾಕು. ಅವರು ಎಣ್ಣೆ ಬದಲಾಯಿಸುತ್ತಾರೋ, ಇಲ್ಲ ಹಳೆಯದಕ್ಕೇ ಹೊಸದನ್ನು ಸುರಿಯುತ್ತಾ ಹೋಗುತ್ತಾರೋ ಅಂತ ಅಡುಗೆಮನೆಗೆ ಕಾಲಿಡದೆ ಹೇಳಬಹುದು.

ಈ ಅಂಗಡಿ ಘಾಟ್ಕೋಪರ್ ಪೂರ್ವದಲ್ಲಿ, ವಲ್ಲಭ ಬಾಗ್ ಲೇನಿನ ಖಾವು ಗಲ್ಲಿ ಅನ್ನುವ ತಿಂಡಿ ಬೀದಿಯಿಂದ ತುಸು ಆಚೆ. ಮಾಲೀಕರು ನಮ್ಮ ಕುಂದಾಪುರ ಕಡೆಯವರು. ಹೆಸರು ಬರೆಯುವುದಿಲ್ಲ. ಹೊಗಳುವುದೂ ಇದೆ, ಒಂದು ತಕರಾರೂ ಇದೆ. ತಕರಾರು ಹೇಳಿ ಹೆಸರೂ ಹಾಕಿದರೆ ಆಮೇಲೆ ಅವರ ಮುಖ ನೋಡುವುದು ಕಷ್ಟ ಅಲ್ವಾ?

ಮೊದಲು ತಿಂಡಿ. ಬಟಾಟೆ ವಡೆ ಚೆನ್ನಾಗಿದೆ. ಒಳಗಿನ ಪಲ್ಯಕ್ಕೆ ಸಾಸಿವೆ, ಕರಿಬೇವು, ಜಜ್ಜಿದ ಶುಂಠಿ ಬಿದ್ದಿದೆ. ಹಾಗಾಗಿ ಮುಂಬೈ ವಡೆಗೆ ಸ್ವಲ್ಪ ನಮ್ಮೂರಿನ ವಾಸನೆ. ಕಡಲೆಹಿಟ್ಟಿನ ಪದರ ತೆಳು. ಪಾವ್ ಸಾಧಾರಣ, ಲಸೂಣ್ ಚಟ್ನಿ ಖಾರ ಜಾಸ್ತಿ. ಉದ್ದಿನ ವಡೆ ಬೆಳಿಗ್ಗೆ ಮಾತ್ರ ತಿನ್ನಿ, ಸಂಜೆಗೆ ಅದು ಗಟ್ಟಿ. ಕಾಫಿ ಸುಮ್ನೆ ಬಿಟ್ಟುಬಿಡಿ.

ಈಗ ಬಾಣಲೆ. ಅದು ರಸ್ತೆಗೆ ಕಾಣುವಂತೆ ಮುಂದೆಯೇ ಇದೆ. ವಡೆ ಬಿಟ್ಟಾಗ ಗುಳ್ಳೆ ದೊಡ್ಡದಾಗಿ ಎದ್ದು, ವಡೆ ಬೇಯುತ್ತಿದ್ದಂತೆ ಕಡಿಮೆಯಾಗಿ ಎಣ್ಣೆ ತಿಳಿಯಾಗುತ್ತದೆ. ತಳದ ಕರಕಲು ಕಾಳು ಕೂಡ ಕಾಣಿಸುತ್ತದೆ. ಎಣ್ಣೆ ಸತ್ತಿದ್ದರೆ ಹೀಗಿರುವುದಿಲ್ಲ. ಸಣ್ಣ ನೊರೆ ಅಂಚಿಗೆ ಏರಿ ಅಲ್ಲೇ ನಿಲ್ಲುತ್ತದೆ, ಒಲೆ ಸಣ್ಣಗಿದ್ದರೂ ಹೊಗೆ ಬರುತ್ತದೆ, ಝಾರ ಎತ್ತಿದರೆ ಎಣ್ಣೆ ಅಂಟಂಟಾಗಿ ನೂಲಿನ ಹಾಗೆ ಇಳಿಯುತ್ತದೆ. ಇದನ್ನು ನೋಡಲು ಯಂತ್ರ ಬೇಡ, ಎರಡು ನಿಮಿಷ ನಿಂತರೆ ಸಾಕು. ಕಾನೂನಿಗೆ ಮಾತ್ರ ಯಂತ್ರ ಬೇಕು. ಕಾಯಿಸಿದಂತೆಲ್ಲ ಎಣ್ಣೆಯಲ್ಲಿ ಹೆಚ್ಚುವ ಕೆಟ್ಟ ಅಂಶಗಳ ಪಾಲು, ಅಂದರೆ ಟಿಪಿಸಿ, ಶೇಕಡಾ 25 ದಾಟಿದರೆ ಅದರಲ್ಲಿ ಕರಿಯಬಾರದು. 2018ರ ಜುಲೈ 1ರಿಂದ ಈ ನಿಯಮ ಇದೆ.

ಕೆಟ್ಟ ಎಣ್ಣೆಯಲ್ಲಿ ಕರಿಯಬಾರದು, ಸರಿ. ಮತ್ತೆ ಅದು ಹೋಗುವುದೆಲ್ಲಿಗೆ? ಹೋಟೆಲಿನವರ ನಿಯತ್ತು ತಿಳಿಯುವುದು ಇಲ್ಲಿ. ಕಪ್ಪಾದ ಎಣ್ಣೆಗೆ ಗಿರಾಕಿ ಇಲ್ಲ ಅಂದುಕೊಳ್ಳಬೇಡಿ. ದೊಡ್ಡ ಅಡುಗೆಮನೆಯಲ್ಲಿ ಸತ್ತ ಎಣ್ಣೆ ಅಗ್ಗದ ರೇಟಿಗೆ ಫುಟ್‌ಪಾತಿನ ಬಾಣಲೆಗೆ ಹೋಗುತ್ತದೆ. ಎಸಿ ಹೋಟೆಲಿನ ಗಿರಾಕಿಗೆ ಹೊಸ ಎಣ್ಣೆ, ಅದರ ಕೊಳೆ ಕೂಲಿಯವನ ಹೊಟ್ಟೆಗೆ. ನನ್ನ ಲೈನಿನಲ್ಲೇ ಇದನ್ನು ನೋಡಿದ್ದೇನೆ. ಡಬ್ಬ ಇಳಿಸುವಾಗ ಹಿಂಬಾಗಿಲಲ್ಲಿ ಕ್ಯಾನ್ ಹಿಡಿದು ನಿಂತವರು ಇರುತ್ತಿದ್ದರು. ಇದನ್ನು ತಪ್ಪಿಸಲೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಆಗಸ್ಟ್‌ನಲ್ಲಿ ರೂಕೋ ಅಂತ ಒಂದು ಯೋಜನೆ ತಂದಿತು. ಕರಿದ ಎಣ್ಣೆಯನ್ನು ಒಪ್ಪಿಗೆ ಪಡೆದ ಏಜೆನ್ಸಿಯವರು ದುಡ್ಡು ಕೊಟ್ಟು ಒಯ್ಯುತ್ತಾರೆ, ಅದು ಬಯೋಡೀಸೆಲ್ ಆಗುತ್ತದೆ. ಕರಿಯಲು ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸುವವರು ಲೆಕ್ಕ ಬರೆದಿಡಲೇಬೇಕು.

"ಶೆಟ್ರೇ, ಕರಿದ ಎಣ್ಣೆ ಯಾರಿಗೆ ಕೊಡ್ತೀರಿ?" ಅಂತ ಕೇಳಿದೆ.

"ಡಬ್ಬದವರು ನೀವು, ಅದನ್ನೇ ಕೇಳ್ತೀರಿ ಅಂತ ಗೊತ್ತಿತ್ತು ಮಾರಾಯ್ರೇ" ಅಂದು ಗಲ್ಲಾದ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದರು. ತಾರೀಕು, ಲೀಟರು, ಒಯ್ದವನ ಸಹಿ. ಜೊತೆಗೆ ರಸೀದಿ ಪಿನ್ ಮಾಡಿತ್ತು. ಇವರದ್ದು ದಿನಕ್ಕೆ 50 ಲೀಟರ್ ಮುಟ್ಟುವ ಅಂಗಡಿಯೇ ಅಲ್ಲ. ಲೆಕ್ಕ ಇಡದಿದ್ದರೂ ಯಾರೂ ಕೇಳುವವರಿಲ್ಲ. ಆದರೂ ಇಟ್ಟಿದ್ದಾರೆ. ಫುಟ್‌ಪಾತಿನವನು ಏಜೆನ್ಸಿಗಿಂತ ಜಾಸ್ತಿ ರೇಟು ಹೇಳಿ ಹೋಗಿದ್ದನಂತೆ.

ಇನ್ನು ಹುಡುಗರು. ಮೊದಲೆಲ್ಲ ಮುಂಬೈ ಹೋಟೆಲಿನ ಮಾಣಿ ಅಂದರೆ ನಮ್ಮ ಕಡೆಯ ಹುಡುಗ. ಬಸ್ಸು ಹತ್ತಿ ಬಂದವನು ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಗೆ ಹೋಗಿ, ಹೋಟೆಲಿನ ಬೆಂಚಿನ ಮೇಲೇ ಮಲಗುತ್ತಿದ್ದ. ಹಾಗೆ ಓದಿ ಬ್ಯಾಂಕು ಸೇರಿದವರು, ವಕೀಲರಾದವರು ಈ ಊರಲ್ಲಿ ಬೇಕಾದಷ್ಟಿದ್ದಾರೆ. ಅದನ್ನು ಹೊಗಳುವಾಗ ನಾವು ಒಂದು ಮರೆಯುತ್ತೇವೆ: ಆ ಮಾಣಿಗಳಲ್ಲಿ ಎಷ್ಟೋ ಜನಕ್ಕೆ ಮೀಸೆ ಕೂಡ ಬಂದಿರಲಿಲ್ಲ. 14 ವರ್ಷದೊಳಗಿನವರನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದು ಅಂತ ಆಗಿದ್ದು 2006ರ ಅಕ್ಟೋಬರ್ 10ರಿಂದ. ಅಷ್ಟು ತಡ.

ಈ ಅಂಗಡಿಯಲ್ಲಿ ಈಗ ಇರುವವರು ಒಡಿಶಾ, ನೇಪಾಳದ ಹುಡುಗರು. ಮಲಗಲು ಬೇರೆ ರೂಮು ಇದೆ, ಟೇಬಲ್ ಸರಿಸಿ ಮಲಗುವ ಕತೆ ಇಲ್ಲ. ಸೋಮವಾರ ಅಂಗಡಿ ಪೂರ್ತಿ ಬಂದ್. ಸ್ಟೇಷನ್ ಹತ್ತಿರದ ಫಾಸ್ಟ್ ಫುಡ್ ವಾರಕ್ಕೊಂದು ದಿನ ಶಟರ್ ಎಳೆಯುವುದು ಅಂದರೆ ಆ ದಿನದ ಗಲ್ಲಾ ಬಿಟ್ಟ ಹಾಗೆಯೇ. ವಾರದ ರಜೆ ಕಾನೂನಲ್ಲಿ ಇದೆ, ಆದರೆ ಹೆಚ್ಚಿನ ಕಡೆ ಅದು ಕಾಗದದಲ್ಲೇ ಉಳಿದಿದೆ. ಟಿಪ್ಸ್ ಡಬ್ಬಿ ಶನಿವಾರ ರಾತ್ರಿ ಎಲ್ಲರ ಎದುರು ತೆರೆಯುತ್ತದೆ, ಪಾತ್ರೆ ತೊಳೆಯುವವನಿಗೂ ಸಮಪಾಲು. ಇದನ್ನು ಹೇಳಿದ್ದು ಶೆಟ್ರಲ್ಲ, ಪಾತ್ರೆ ತೊಳೆಯುವವನೇ. ಪಾರ್ಸೆಲ್ ಒಯ್ಯಲು ಬರುವ ಡೆಲಿವರಿ ಹುಡುಗರಿಗೆ ಎರಡು ಸ್ಟೂಲು, ಒಂದು ನೀರಿನ ಕ್ಯಾನು ಇಟ್ಟಿದ್ದಾರೆ. ಪಕ್ಕದ ಒಂದು ದೊಡ್ಡ ಅಂಗಡಿಯಲ್ಲಿ ಇದೇ ಹುಡುಗರನ್ನು ಮಳೆಯಲ್ಲೂ ಒಳಗೆ ಬಿಡುವುದಿಲ್ಲ.

ಮೊಮ್ಮಗನ ಹಟಕ್ಕೆ ಮಾಲಿನ ಬರ್ಗರ್ ಅಂಗಡಿಗೂ ಹೋಗುತ್ತಿರುತ್ತೇನೆ. ಅಲ್ಲಿ ಗೋಡೆ ತುಂಬ ಹಸಿರು ಪೋಸ್ಟರು, ನಗುವ ಮಕ್ಕಳು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಅಂಗಡಿ ಇರುವ ಚೈನುಗಳು ಕ್ಯಾಲೊರಿ ಬರೆಯಬೇಕು ಅಂತ ನಿಯಮ ಇದೆ, ಬರೆದಿದ್ದಾರೆ. ನನ್ನ ಕನ್ನಡಕಕ್ಕೆ ಕಾಣಲಿಲ್ಲ, ಮೊಮ್ಮಗ ಓದಿ ಹೇಳಿದ. ನಿಜ ಹೇಳಬೇಕು, ಎಣ್ಣೆ ಸೋಸುವ ಯಂತ್ರ, ಎಣ್ಣೆ ಪರೀಕ್ಷಿಸುವ ಸ್ಟ್ರಿಪ್ ಇಂಥದ್ದರಲ್ಲಿ ದೊಡ್ಡ ಚೈನುಗಳು ನಮ್ಮ ಹೋಟೆಲುಗಳಿಗಿಂತ ಎಷ್ಟೋ ಮುಂದೆ. ಆದರೆ ಹಳೆ ಎಣ್ಣೆ ಎಲ್ಲಿ ಹೋಗುತ್ತದೆ ಅಂತ ಕೇಳಿದರೆ ಕೌಂಟರಿನ ಹುಡುಗಿ ಪಾಪ ಕಕ್ಕಾಬಿಕ್ಕಿ. ದೊಡ್ಡ ಲಾಭದ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು ಅಂತ 2014ರಿಂದ ಕಾನೂನು ಇದೆ. ಒಳ್ಳೆಯದೇ. ಉಳಿದ 98ನ್ನು ಹೇಗೆ ದುಡಿದರು ಅಂತ ಪೋಸ್ಟರಿನಲ್ಲಿ ಬರೆದಿರುವುದಿಲ್ಲ, ನನಗೆ ಬೇಕಾದದ್ದು ಅದು.

ಈಗ ತಕರಾರು. ಘಾಟ್ಕೋಪರಿನಲ್ಲಿ ಜಿನಿ ದೋಸೆ ಇಲ್ಲದೆ ವ್ಯಾಪಾರ ಇಲ್ಲ. ಕಾವಲಿಯ ಮೇಲೆ ಬೆಣ್ಣೆ, ಕ್ಯಾಪ್ಸಿಕಂ, ಸಾಸು, ಮೇಲೆ ಹಿಮದ ಗುಡ್ಡೆಯಷ್ಟು ಚೀಸ್ ತುರಿದು, ಸುತ್ತಿ, ತುಂಡು ಮಾಡಿ ನಿಲ್ಲಿಸುತ್ತಾರೆ. ಶೆಟ್ರ ಅಂಗಡಿಯಲ್ಲೂ ಇದೆ. ಬಾಯಿಗಿಟ್ಟಾಗ ಅನುಮಾನ ಬಂತು. ಹಾಲಿನ ರುಚಿಯೇ ಇಲ್ಲ, ಅಂಗುಳಕ್ಕೆ ಮೇಣ ಹತ್ತಿದಂತೆ ಎಣ್ಣೆ ಹತ್ತಿತು. ಪಾಮ್ ಎಣ್ಣೆ ಎಲ್ಲಿದ್ದರೂ ನನಗೆ ಗೊತ್ತಾಗದೆ ಇರುತ್ತದೆಯೇ? ಹಾಲಿನ ಕೊಬ್ಬಿನ ಬದಲು ಬೇರೆ ಎಣ್ಣೆ ಹಾಕಿ ಮಾಡಿದ್ದನ್ನು ಅನಲಾಗ್ ಅನ್ನುತ್ತಾರೆ. ಮಾರುವುದು ತಪ್ಪಲ್ಲ, ಪ್ಯಾಕೆಟ್ ಮೇಲೆ ಹಾಗಂತ ಬರೆದಿರಬೇಕು. ಆದರೆ ಪ್ಯಾಕೆಟ್ ಅಡುಗೆಮನೆಯಲ್ಲಿರುತ್ತದೆ, ಗಿರಾಕಿ ಹೊರಗಿರುತ್ತಾನೆ.

ಕೇಳಿದೆ. ಶೆಟ್ರು ಮುಚ್ಚಿಡಲಿಲ್ಲ. ಅಸಲಿ ಚೀಸ್ ಹಾಕಿದರೆ ಈ ರೇಟಿಗೆ ಆಗುವುದಿಲ್ಲ ಅಂದರು.

"ಹಾಗಾದ್ರೆ ಬೋರ್ಡಲ್ಲಿ ಚೀಸ್ ಅಂತ ಯಾಕೆ ಬರೆದಿದ್ದೀರಿ?"

"ಎಲ್ರೂ ಹಾಗೇ ಬರೀತಾರಲ್ಲ."

"ಎಲ್ರೂ ಕರಿದ ಎಣ್ಣೆ ಬೀದಿಗೆ ಮಾರ್ತಾರೆ. ನೀವು ಮಾರಲ್ಲ ಅಲ್ವಾ?"

ಅವರು ನಕ್ಕು ಚಿಲ್ಲರೆ ಎಣಿಸತೊಡಗಿದರು. ಬೋರ್ಡ್ ಇನ್ನೂ ಹಾಗೇ ಇದೆ.

ಇನ್ನೊಂದು ಸಣ್ಣದು. ವಡೆಯನ್ನು ಇವರು ಪೇಪರಿನಲ್ಲಿ ಸುತ್ತುವುದು ಬಿಟ್ಟಿದ್ದಾರೆ, ಖಾಲಿ ಬ್ರೌನ್ ಕಾಗದ ಬಂದಿದೆ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಹತ್ತುತ್ತದೆ, ಹಾಗಾಗಿ ಇದು ಒಳ್ಳೆಯ ಕೆಲಸ. ಆದರೆ ಪಾರ್ಸೆಲ್ ಸಾಂಬಾರ್ ಇನ್ನೂ ಕುದಿಕುದಿಯಾಗಿ ತೆಳು ಪ್ಲಾಸ್ಟಿಕ್ ಚೀಲಕ್ಕೇ ಬೀಳುತ್ತದೆ. ಮನೆಯಿಂದ ಡಬ್ಬಿ ಒಯ್ಯಿರಿ. ಬೇಸರ ಮಾಡದೆ ತುಂಬಿಸಿಕೊಡುತ್ತಾರೆ, ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಚೀಸ್ ಇಲ್ಲದ್ದು ಏನಾದರೂ ತಿನ್ನಿ. ಸಂಜೆ ನಾಲ್ಕರ ಸುಮಾರಿಗೆ ಹೋದರೆ ಮೊದಲ ಸಲ ಬಾಣಲೆಯಿಂದ ತೆಗೆದ ಬಟಾಟೆ ವಡೆ ಸಿಗುತ್ತದೆ, ಆರರ ಮೇಲೆ ಆಫೀಸು ಬಿಟ್ಟವರ ನೂಕುನುಗ್ಗಲು. ಜಿನಿ ದೋಸೆ ತಿನ್ನಲೇಬೇಕು ಅಂತಿದ್ದರೆ ಆರ್ಡರ್ ಕೊಡುವ ಮೊದಲು ಪ್ಯಾಕೆಟ್ ತೋರಿಸಿ ಅಂತ ಕೇಳಿ. ಕೇಳುವವರು ನಾಲ್ಕು ಜನ ಆದರೆ ಶೆಟ್ರು ಪೇಂಟರನ್ನು ಕರೆಸಿಯಾರು.